ಆಷಾಢಕ್ಕೂ ಒಂದು ಕಾಲಂ

ಅಡಿಕೆ ಹಾಳೆ ತಟ್ಟೆ ಘಟಕದ ಬಜೆಟ್ಟನ್ನು 'ವರ್ಷದ ಖರ್ಚು ಭಾಗಿಸು 12' ಅಂತ ಬರೆದರೆ ತೀರ್ಥಹಳ್ಳಿ ಕಡೆ ಜೂನ್‌ಗೇ ಕೈ ಖಾಲಿ. ಮಳೆ ಹಿಡಿಯೋದರೊಳಗೆ ಹಾಳೆ ಒಣಗಿಸಿ ಅಟ್ಟ ಸೇರಿಸಬೇಕು, ಇಲ್ಲದಿದ್ದರೆ ಬೂಷ್ಟು. ಅಂದರೆ ಮಳೆಗಾಲದ ಮಾಲಿನ ದುಡ್ಡು ಬೇಸಿಗೆಯಲ್ಲೇ ಹೋಗುತ್ತೆ.

ತಿಂಗಳಿಗೆ 10,000 ಹಾಳೆ, ಒಂದಕ್ಕೆ 2 ರೂಪಾಯಿ ಅಂತಿಟ್ಟುಕೊಳ್ಳಿ. ಜೂನ್‌ನಿಂದ ನವೆಂಬರ್‌ವರೆಗೆ 60,000 ಬೇಕು. ಹತ್ತರಲ್ಲೊಂದು ಸೀಳಿದ್ದು, ಬೂಷ್ಟು ಹಿಡಿದದ್ದು ಅಂತ ಕಳೆದರೆ ಕೊಳ್ಳಬೇಕಾದ್ದು ಸುಮಾರು 66,700. ಅಂದರೆ 1,33,400 ರೂಪಾಯಿ. ಡಿಸೆಂಬರ್‌ನಿಂದ ಮೇವರೆಗೆ, ಆಯಾ ತಿಂಗಳ ಹಾಳೆ ಖರ್ಚಿನ ಮೇಲೆ, ತಿಂಗಳಿಗೆ 22,000 ಚಿಲ್ಲರೆ ಬೇರೆ ತೆಗೆದಿಡಬೇಕು. ಬಹಳ ಜನ ಈ ಹತ್ತರಲ್ಲೊಂದನ್ನೇ ಮರೆಯೋದು.

ಬಾಡಿಗೆ, ಸಾಲದ ಕಂತು ಸುಲಭ, ಬದಲಾಗಲ್ಲ. ಕರೆಂಟು ಹಾಗಲ್ಲ. ಲೈನ್ ಮೇಲೆ ಮರ ಬಿದ್ದ ದಿನ ಡೈ (ಹಾಳೆ ಒತ್ತೋ ಬಿಸಿ ಅಚ್ಚು) ತಣ್ಣಗೆ, ತಟ್ಟೆ ಇಲ್ಲ, ಕೂಲಿ ಮಾತ್ರ ಇದೆ. ಆಷಾಢದಲ್ಲಿ ಮದುವೆಯೂ ಇಲ್ಲ, ತಟ್ಟೆ ಕೇಳೋರೂ ಕಡಿಮೆ.

ಮಾರಾಟಕ್ಕೆ ಎರಡು ಕಾಲಂ ಬೇಕು: ಬಿಲ್ ಆದದ್ದು, ದುಡ್ಡು ಬಂದದ್ದು. 'ಅಡಿಕೆ ಕೊಟ್ಟ ಮೇಲೆ ಕೊಡ್ತೀನಿ ಮಾರಾಯ' ಅನ್ನೋ ಉದ್ರಿ ಮೊದಲನೇ ಕಾಲಮ್ಮಲ್ಲೇ ಕೂತಿರುತ್ತೆ, ಪಾಪ. ಖರ್ಚು ಹೊಂದಿಸೋದು ಎರಡನೇದನ್ನು ನೋಡಿ. ಪ್ರತಿ ಶನಿವಾರ ಸಂಜೆ, ಕೂಲಿ ಬಟವಾಡೆ ಆದ ಕೂಡಲೇ, ಅದೇ ಪುಸ್ತಕದಲ್ಲಿ.