ಪೈಪಿನಾಚೆಗಿನ ನದಿ

"ಈ ನೀರನ್ನ ನೀವು ಕುಡೀತೀರಾ?"

ಕೊಳಚೆ ನೀರು ಶುದ್ಧೀಕರಣ ಘಟಕ ನೋಡಲು ಹೋದ ನಮ್ಮ ಗುಂಪಿನಲ್ಲಿ ಒಬ್ಬರು ಆಪರೇಟರ್ ಅವರನ್ನು ಹೀಗೆ ಕೇಳಿಬಿಟ್ಟರು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಾನು ಕುಡಿಯೋದು ಬಿಡಿ ಸರ್. ಮೀನಿಗೆ ಉಸಿರಾಡೋಕೆ ಆಗುತ್ತಾ ಕೇಳಿ. ಅದನ್ನೂ ಇಲ್ಲಿ ಅಲ್ಲ, ನದಿ ಹರಿಯೋ ಕಡೆಗೆ ಇನ್ನೂ ಕೆಳಗೆ ಹೋಗಿ ನೋಡಬೇಕು. ಬೆಳಗಿನ ಜಾವ" ಎಂದರು.

ಈ ವಾರವೆಲ್ಲ ನನ್ನ ತಲೆಯಲ್ಲಿ ಅದೇ ಮಾತು.

ಪ್ರಶ್ನೆ ಕೇಳಿದವರ ಮೇಲೆ ನನಗೆ ಸಿಟ್ಟು ಬಂತು. ಹಗಲು ರಾತ್ರಿ ಆ ವಾಸನೆಯಲ್ಲಿ ನಿಂತು ನಮ್ಮೆಲ್ಲರ ಹೊಲಸು ತೊಳೆಯುವ ಮನುಷ್ಯನನ್ನು ಸುಮ್ನೆ ಇಕ್ಕಟ್ಟಿಗೆ ಸಿಲುಕಿಸುವ ಪ್ರಶ್ನೆ ಅದು. ಆ ನೀರು ಹೋಗುವುದು ನದಿಗೆ. ಕೇಳಬೇಕಾದ್ದು ನದಿಯ ಬಗ್ಗೆ ಅಲ್ವಾ?

ಅಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ. 1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಒಂದು ಸಂಗತಿ ತೋರಿಸಿದರು. ತಳದಲ್ಲಿ ಕೂತ ಕೆಸರನ್ನು ಬಿಸಾಡದೆ, ಹೊಸ ಕೊಳಚೆಗೆ ಬೆರೆಸಿ ಗಾಳಿ ಊದಿದರೆ ಕೆಲವೇ ಗಂಟೆಗಳಲ್ಲಿ ನೀರು ತಿಳಿಯಾಗುತ್ತದೆ. ಆ ಕೆಸರಿನ ತುಂಬ ಇರುವುದು ಕೊಳೆ ತಿನ್ನುವ ಜೀವಿಗಳು. ಊದುವ ಬ್ಲೋವರ್ ನಿಂತರೆ ಅವು ಉಸಿರುಗಟ್ಟುತ್ತವೆ. ಅದರಲ್ಲೂ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯುವುದು ತುಂಬ ನಿಧಾನ. ಒಮ್ಮೆ ಕಳೆದುಕೊಂಡರೆ ಮತ್ತೆ ಕೂಡಿಕೊಳ್ಳಲು ವಾರಗಳೇ ಬೇಕಾಗಬಹುದು. ಅಷ್ಟು ದಿನ ಹೊರಬರುವ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು, ಆದರೆ ಅದರಲ್ಲಿ ಉಳಿದ ಅಮೋನಿಯಾ ಮೀನಿಗೆ ವಿಷ.

ಬೆಳಗಿನ ಜಾವವೇ ಯಾಕೆ? ಘಟಕದಿಂದ ಹೋಗುವ ಸಾರಜನಕ, ರಂಜಕ ಪಾಚಿಗೆ ಗೊಬ್ಬರ. ಹಗಲು ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿಯಾದರೆ ಅದೂ ಉಸಿರಾಡಿ ಇದ್ದದ್ದನ್ನು ಖರ್ಚು ಮಾಡುತ್ತದೆ. ಸೂರ್ಯ ಹುಟ್ಟುವ ಮುಂಚೆ ನದಿಯಲ್ಲಿ ಉಳಿಯುವುದು ತೀರಾ ಕಡಿಮೆ. 30 ಡಿಗ್ರಿ ಬೆಚ್ಚಗಿನ ನೀರು ಹಿಡಿದಿಟ್ಟುಕೊಳ್ಳುವುದೇ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ. ಹೆಚ್ಚಿನ ಮೀನುಗಳಿಗೆ 5 ಆದರೂ ಬೇಕು. ನಾವೋ, ಮಧ್ಯಾಹ್ನ ಹೋಗಿ ಸ್ಯಾಂಪಲ್ ತೆಗೆದು ಖುಷಿಪಡುತ್ತೇವೆ.

ಇನ್ನೂ ಕೆಳಗೆ ಯಾಕೆ ಎಂಬುದು ಮನೆಗೆ ಬಂದು ಓದಿದ ಮೇಲೆ ತಿಳಿಯಿತು. 1925ರಲ್ಲಿ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಅಮೆರಿಕದ ಓಹಾಯೋ ನದಿಯ ಅಧ್ಯಯನದಿಂದ ಇದನ್ನು ಲೆಕ್ಕಕ್ಕೆ ತಂದರು. ಪೈಪಿನ ಬಾಯಲ್ಲಿ ಆಮ್ಲಜನಕ ಪೂರ್ತಿ ಕುಸಿದಿರುವುದಿಲ್ಲ. ಉಳಿದ ಕೊಳೆಯನ್ನು ನದಿಯ ಬ್ಯಾಕ್ಟೀರಿಯಾ ತಿನ್ನುತ್ತಾ ಹೋದಂತೆ, ನೀರು ಹರಿದು ಸಾಗಿದಂತೆ, ಆಮ್ಲಜನಕ ಇಳಿಯುತ್ತಾ ಹೋಗುತ್ತದೆ. ಎಷ್ಟೋ ದೂರದಲ್ಲಿ ತಳ ಮುಟ್ಟಿ, ಆಮೇಲೆ ನಿಧಾನಕ್ಕೆ ಏರುತ್ತದೆ. ನದಿ ಏದುಸಿರು ಬಿಡುವ ಜಾಗದಲ್ಲಿ ನಮ್ಮಂಥವರು ಯಾರೂ ನಿಂತಿರುವುದಿಲ್ಲ.

ಇದನ್ನೆಲ್ಲ ಬರೆದೆನೆಂದು ಘಟಕವೇ ದಂಡ ಅನ್ನಬೇಡಿ. ಒಳಗೆ ಬರುವ ಕೊಳಚೆಯ ಬಿಓಡಿ, ಅಂದರೆ ಅದರ ಕೊಳೆ ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ, ಎಷ್ಟೋ ಕಡೆ ಲೀಟರಿಗೆ 200 ಮಿಲಿಗ್ರಾಂ ದಾಟಿರುತ್ತದೆ. ಚೆನ್ನಾಗಿ ನಡೆಯುವ ಘಟಕ ಅದನ್ನು 20ಕ್ಕಿಂತ ಕೆಳಗೆ ಇಳಿಸುತ್ತದೆ. ಅದಿಲ್ಲದೆ ಹೋದರೆ ಎಷ್ಟೋ ನದಿಗಳಲ್ಲಿ ಮೀನಿನ ಮಾತೇ ಇರುತ್ತಿರಲಿಲ್ಲ.

ಕೆಳಗಿನ ರೀಡಿಂಗ್ ಇದೆಯಾ ಎಂದು ನಮ್ಮ ಜೊತೆಗಿದ್ದ ಎಂಜಿನಿಯರ್‌ರನ್ನು ಕೇಳಿದ್ದೆ. "ನಮ್ಮ ಜವಾಬ್ದಾರಿ ಔಟ್‌ಲೆಟ್ ತನಕ" ಎಂದರು. ಒಳ್ಳೆಯ ಮನುಷ್ಯ, ಅವರ ಕಾಗದದಲ್ಲಿ ಹಾಗೇ ಇರಬಹುದು. ಆದರೆ ನದಿಗೋಸ್ಕರ ಕಟ್ಟಿದ ಘಟಕದಲ್ಲಿ ನದಿಯದೇ ಒಂದು ಅಂಕಿ ಇಲ್ಲ ಅಂದರೆ ಹೇಗೆ?

ಈಗ ಒಂದು ಅರ್ಜಿ ಬರೆಯುತ್ತಿದ್ದೇನೆ. ಕೆಳಗಿನ ಹರಿವಿನಲ್ಲಿ, ಬೆಳಕು ಹರಿಯುವ ಮೊದಲು ಆಮ್ಲಜನಕ ಅಳೆದು, ಆ ಅಂಕಿಯನ್ನು ಔಟ್‌ಲೆಟ್ ಅಂಕಿಗಳ ಪಕ್ಕದಲ್ಲೇ ಹಾಕಲಿ ಎಂದು. ಅಮೋನಿಯಾವನ್ನೂ ಸೇರಿಸಿದ್ದೇನೆ. ಗಾಳಿ ಸಾಲದೆ ಹೋದಾಗ ಮೊದಲು ಏರುವುದು ಅದೇ.