ದಸರಾ ಮುಗಿದ ಮೇಲೆ ಲೆಟ್ಯೂಸ್

ಲೆಟ್ಯೂಸ್ ಬೀಜ ಯಾವಾಗ ಹಾಕೋದು ಅಂತ ಕೇಳಿದವರಿಗೆಲ್ಲ ನಾನು ಹೇಳೋದು ಒಂದೇ: ದಸರಾ ಮುಗಿಯಲಿ. ಮೈಸೂರಿನ ಬೋಗಾದಿಯಲ್ಲಿರುವ ನಮ್ಮ ಮನೆಯ ಹಿಂದಿನ ಕೆಂಪು ಮಣ್ಣಿನಲ್ಲಿ ಬೇರೆ ತಿಂಗಳಲ್ಲಿ ಹಾಕಿದರೆ ಸುಮ್ನೆ ಬೀಜ ದಂಡ.

ಇದು ತಂಪು ಬೇಡುವ ಸೊಪ್ಪು. 15ರಿಂದ 20 ಡಿಗ್ರಿ ಇದ್ದರೆ ಅದಕ್ಕೆ ಖುಷಿ. ಮೈಸೂರಿನ ಮಧ್ಯಾಹ್ನಗಳು ಡಿಸೆಂಬರಿನಲ್ಲೂ ಅಷ್ಟು ತಂಪಾಗಿರುವುದಿಲ್ಲ, ಆದರೆ ರಾತ್ರಿಯ ಚಳಿ ಗಿಡವನ್ನು ಕಾಪಾಡುತ್ತದೆ. ಮಣ್ಣಿನ ಬಿಸಿ 30 ಡಿಗ್ರಿಯ ಹತ್ತಿರ ಹೋದರೆ ಬೀಜ ಮೊಳೆಯುವುದೇ ಕಷ್ಟ. ಬೀಜ ಸತ್ತಿರುವುದಿಲ್ಲ, ಮಲಗಿರುತ್ತದೆ. ಜನ ಪಾಪ ಅಂಗಡಿಯವನನ್ನು ಬೈಯುತ್ತಾರೆ.

ಟ್ರೇಯಲ್ಲಿ ಸಸಿ ಮಾಡಬೇಕೋ, ನೇರವಾಗಿ ಮಡಿಗೆ ಬಿತ್ತಬೇಕೋ ಅನ್ನೋದನ್ನೂ ತಿಂಗಳೇ ಹೇಳುತ್ತದೆ. ಈ ಬೀಜವನ್ನು ಆಳಕ್ಕೆ ಹಾಕುವ ಹಾಗಿಲ್ಲ. ಎಷ್ಟೋ ತಳಿಗಳಿಗೆ ಮೊಳೆಯಲು ಬೆಳಕು ಬೇಕು, ಮೇಲೆ ಮಣ್ಣು ಉದುರಿಸಿದಂತೆ ಮಾಡಿದರೆ ಸಾಕು. ಅಕ್ಟೋಬರಿನಲ್ಲಿ ನಮ್ಮಲ್ಲಿ ಸಂಜೆ ಮಳೆ ಹೇಗೆ ಬರುತ್ತದೆ ಗೊತ್ತಲ್ವಾ? ಒಂದೇ ಜೋರು ಮಳೆಗೆ ಬೀಜವೆಲ್ಲ ಕೊಚ್ಚಿಕೊಂಡು ಮಡಿಯ ಒಂದು ಮೂಲೆಗೆ ಸೇರುತ್ತದೆ. ಹಾಗಾಗಿ ಆಗ ಟ್ರೇ, ಅದೂ ಶೀಟಿನ ಕೆಳಗೆ. ನೀರು ಜಾಸ್ತಿ ಹಾಕಬೇಡಿ, ಸಸಿ ಬುಡದಲ್ಲಿ ಕೊಳೆತು ಮಲಗಿಬಿಡುತ್ತದೆ. ಮೂರ್ನಾಲ್ಕು ವಾರದಲ್ಲಿ ನಾಲ್ಕೈದು ಎಲೆ ಬಂದ ಮೇಲೆ, ಬಿಸಿಲು ಇಳಿದ ಹೊತ್ತಿಗೆ ಒಂದು ಗೇಣು ಅಂತರದಲ್ಲಿ ನಾಟಿ ಮಾಡುತ್ತೇನೆ. ಸುಳಿ ಮಣ್ಣಿನೊಳಗೆ ಹೋಗಬಾರದು.

ನವೆಂಬರ್ ಕೊನೆಗೆ ಮಳೆ ನಿಂತಿರುತ್ತದೆ. ಆಗ ನನಗೆ ನೇರ ಬಿತ್ತನೆಯೇ ಇಷ್ಟ. ದಂಟಿನ ಬೀಜಕ್ಕೆ ಮಾಡುವ ಹಾಗೆ ಮರಳು ಬೆರೆಸಿ ಸಾಲಿನಲ್ಲಿ ಉದುರಿಸುತ್ತೇನೆ. ಕಿತ್ತು ನೆಡದ ಗಿಡದ ತಾಯಿಬೇರು ನೇರ ಕೆಳಗಿಳಿಯುತ್ತದೆ, ಒಂದು ದಿನ ನೀರು ತಪ್ಪಿದರೂ ಬೇಗ ಬಾಡುವುದಿಲ್ಲ. ನಾಟಿ ಮಾಡಿದ್ದಕ್ಕೆ ಬೇರು ಮೇಲುಮೇಲೆ ಹರಡಿರುತ್ತದೆ, ಅದಕ್ಕೆ ತಪ್ಪದೆ ನೀರು ಬೇಕು. ನೇರ ಬಿತ್ತಿದರೆ ಒತ್ತಾದ ಸಸಿಗಳನ್ನು ಕೀಳುವ ಕೆಲಸ ಇದ್ದೇ ಇದೆ. ಕಿತ್ತದ್ದು ಕೋಸಂಬರಿಗೆ ಹೋಗುತ್ತದೆ. "ಇದೇನಮ್ಮ, ಮೊಲ ಸಾಕ್ತಿದ್ದೀಯಾ?" ಅಂತ ಕೇಳುತ್ತಿದ್ದ ನಮ್ಮತ್ತೆ ಈಗ ಅದಕ್ಕೆ ನಿಂಬೆಹುಳಿ ಹಿಂಡಿಕೊಂಡು ತಿನ್ನುತ್ತಾರೆ.

ಎಲೆಕೋಸಿನ ಹಾಗೆ ಗಟ್ಟಿ ಗಡ್ಡೆ ಕಟ್ಟುವ ಐಸ್‌ಬರ್ಗ್ ತಳಿಯ ಆಸೆ ಬೇಡ, ಅದನ್ನು ಊಟಿಯವರಿಗೆ ಬಿಡಿ. ಎಲೆ ಬಿಡಿಬಿಡಿಯಾಗಿರುವ ತಳಿ ಬಿತ್ತಿದ ಒಂದೂವರೆ, ಎರಡು ತಿಂಗಳಿಗೆ ಕೈಗೆ ಬರುತ್ತದೆ. ಹೊರಗಿನ ಎಲೆ ಮಾತ್ರ ಮುರಿಯುತ್ತಾ ಹೋದರೆ ಇನ್ನಷ್ಟು ದಿನ ಸಿಗುತ್ತದೆ. ಗೋಕುಲಂ ಕಡೆ ಯೋಗ ಕಲಿಯಲು ವಿದೇಶಿಯರು ಜಾಸ್ತಿ ಬರುವುದೂ ಇದೇ ಚಳಿಗಾಲದಲ್ಲಿ. ಮಾರುವವರಿಗೆ ಅನುಕೂಲ.

ಸಂಕ್ರಾಂತಿ ಆದ ಮೇಲೆ ಬಿತ್ತಿದ್ದು ಎಲೆ ತುಂಬುವ ಹೊತ್ತಿಗೆ ಬಿಸಿಲು ಬಂದಿರುತ್ತದೆ. ಗಿಡ ನಡುವಿನಿಂದ ಉದ್ದಕ್ಕೆ ಏಳುತ್ತದೆ, ಮುರಿದರೆ ಹಾಲು ಬರುತ್ತದೆ, ಎಲೆ ಕಹಿ. ನೆರಳುಪರದೆ ಕಟ್ಟಿದರೆ ಸ್ವಲ್ಪ ದಿನ ತಳ್ಳಬಹುದು ಅಷ್ಟೇ.

ಬೀಜಕ್ಕೆ ಗಿಡ ಬಿಡುವಾಗ ಮೊದಲು ಎದ್ದು ಹೂ ಬಿಟ್ಟದ್ದನ್ನು ಕಿತ್ತುಹಾಕಿ. ಎಲ್ಲಕ್ಕಿಂತ ಕೊನೆಗೆ ಎದ್ದದ್ದನ್ನು ಉಳಿಸಿಕೊಳ್ಳಿ. ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ, ತಳಿ ಹೆಚ್ಚಾಗಿ ಬೆರೆಯುವುದಿಲ್ಲ. ಒಣಗಿದ ಬೀಜವನ್ನು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮುಂದಿನ ದಸರಾಕ್ಕೆ ಆಯಿತು.