ಮಲಗಿಸಿದ ಬೈಕನ್ನು ನಡುವೆ ಎಬ್ಬಿಸಿದ್ದರ ಫಲ

ಕೆನಡಾದ ಒಟ್ಟಾವಾ ನಗರದಲ್ಲಿ ಅಕ್ಟೋಬರಿನ ಕೊನೆಯ ವಾರ ಬಂದಿತೆಂದರೆ ನಾನು ಕೆಲಸ ಮಾಡುವ ಗ್ಯಾರೇಜಿನ ಹಿಂದಿನ ಶೆಡ್ಡು ತುಂಬತೊಡಗುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವುದಕ್ಕೆ ಮೊದಲೇ ಬೈಕನ್ನು ಒಳಗೆ ಸೇರಿಸಿಬಿಡಬೇಕೆಂಬ ಆತುರ ಇಲ್ಲಿಯ ಸವಾರರಿಗೆಲ್ಲ ಇರುತ್ತದೆ. ಮನೆಯಲ್ಲಿ ಜಾಗವಿಲ್ಲದವರು ಬಾಡಿಗೆ ಕೊಟ್ಟು ನಮ್ಮಲ್ಲಿ ಬಿಟ್ಟುಹೋಗಿ, ಏಪ್ರಿಲಿನಲ್ಲಿ ಬಂದು ಒಯ್ಯುತ್ತಾರೆ. ನಡುವಿನ ಐದು ತಿಂಗಳು ಸುಮಾರು ಅರವತ್ತು ಬೈಕುಗಳು, ಹೀಟರಿಲ್ಲದ ಆ ಶೆಡ್ಡಿನಲ್ಲಿ ಸಾಲಾಗಿ ನಿಂತಿರುತ್ತವೆ. ಜನವರಿಯ ರಾತ್ರಿಗಳಲ್ಲಿ ಮೈನಸ್ 15 ಡಿಗ್ರಿ ಇಲ್ಲಿ ಸಾಧಾರಣ, ಮೈನಸ್ 25 ಕೂಡ ಅಪರೂಪವೇನಲ್ಲ. ಚಳಿ ಚೆನ್ನಾಗಿ ಹಿಡಿದ ವರ್ಷ ಊರ ನಡುವಿನ ರಿಡೋ ಕಾಲುವೆ ಹೆಪ್ಪುಗಟ್ಟಿ, ಜನ ಅದರ ಮೇಲೆ ಏಳೆಂಟು ಕಿಲೋಮೀಟರ್ ಸ್ಕೇಟಿಂಗ್ ಮಾಡುತ್ತ ಆಫೀಸಿಗೆ ಹೋಗುವುದೂ ಉಂಟು.

ಈ ಕೆಲಸಕ್ಕೆ ಅಪ್ರೆಂಟಿಸ್ ಆಗಿ ಸೇರಿದ ಮೊದಲ ಚಳಿಗಾಲದಲ್ಲಿ ನಾನು ಮಾಡಿದ ತಪ್ಪೊಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಸೋಮಾರಿತನದಿಂದ ಆದ ತಪ್ಪಲ್ಲ; ಬೇರೆಯವರು ಮಾಡದ ಕೆಲಸವನ್ನು ನಾನು ಮೈಮೇಲೆ ಹಾಕಿಕೊಂಡು ಮಾಡಿದ್ದರಿಂದ ಆದದ್ದು.

ಬೈಕುಗಳು ವಾರಗಟ್ಟಲೆ ಅಲುಗಾಡದೆ ನಿಂತಿರುವುದನ್ನು ನೋಡಿ ನನಗೆ ಸಹಿಸಲಾಗಲಿಲ್ಲ. ಶೆಡ್ಡಿನ ಬೀಗದ ಕೈ ನನ್ನ ಬಳಿಯೇ ಇರುತ್ತಿತ್ತು. ಡಿಸೆಂಬರಿನಿಂದ ಆರಂಭಿಸಿ ಹತ್ತು ಹನ್ನೆರಡು ದಿನಗಳಿಗೊಮ್ಮೆ, ಬಾಗಿಲ ಹತ್ತಿರದ ಸಾಲಿನಲ್ಲಿದ್ದ ಎಂಟು ಬೈಕುಗಳನ್ನು ಒಂದೊಂದಾಗಿ ಸೆಲ್ಫ್ ಒತ್ತಿ ಸ್ಟಾರ್ಟ್ ಮಾಡಿ, ಐದು ನಿಮಿಷ ಹಾಗೆಯೇ ಓಡಲು ಬಿಟ್ಟು ಆರಿಸುತ್ತಿದ್ದೆ. ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಹಿಂದಿನ ಸಾಲುಗಳವರೆಗೆ ಹೋಗಲು ದಾರಿ ಇಲ್ಲದ್ದರಿಂದ ಉಳಿದವು ನನ್ನ ಕೈಯಿಂದ ಪಾರಾದವು.

ಮಾರ್ಚಿನ ಕೊನೆಯಲ್ಲಿ ಫೋರ್‌ಮನ್ ಮೊದಲ ಸಾಲಿನ ಒಂದು ಬೈಕಿನ ಆಯಿಲ್ ಕ್ಯಾಪ್ ತಿರುಗಿಸಿ ತೆಗೆದವರು, ಮಾತಾಡದೆ ಅದನ್ನು ನನ್ನ ಅಂಗೈಯಲ್ಲಿಟ್ಟರು. ಕ್ಯಾಪಿನ ಒಳಮೈಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ದಪ್ಪ ಕೆನೆಯಂಥದ್ದು ಮೆತ್ತಿಕೊಂಡಿತ್ತು. ಆಯಿಲ್ ಮತ್ತು ನೀರು ಕಡೆದು ಒಂದಾದಾಗ ಆಗುವ ಬಣ್ಣ ಅದು. ಎಂಟರಲ್ಲಿ ಆರು ಬೈಕುಗಳ ಸ್ಥಿತಿ ಅದೇ ಆಗಿತ್ತು, ಮೂರರ ಬ್ಯಾಟರಿ ಸತ್ತಿತ್ತು. ಒಂದರ ಸೈಲೆನ್ಸರನ್ನು ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಕೇಳಿಸಿತು. ನಾನು ಕೈಹಾಕದ ಹಿಂದಿನ ಸಾಲಿನ ಬೈಕುಗಳು ಮಾತ್ರ, ಸಾಲು ಸಾಲಾಗಿ, ಏನೂ ತೊಂದರೆಯಿಲ್ಲದೆ ನಿಂತಿದ್ದವು.

ನೀರು ಎಲ್ಲಿಂದ ಬಂತೆಂಬುದು ಆ ದಿನ ನನಗೆ ಹೊಳೆಯಲಿಲ್ಲ, ಏಕೆಂದರೆ ಶೆಡ್ಡು ಒಂದು ಹನಿಯೂ ಸೋರುವುದಿಲ್ಲ. ಅದು ಪೆಟ್ರೋಲಿನಿಂದಲೇ ಬಂದದ್ದು. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಆ ಆವಿ ಸೈಲೆನ್ಸರಿನಿಂದ ಹೊರಬಿದ್ದು ಹೋಗುವುದರಿಂದ ನಾವು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಮೈನಸ್ ಹತ್ತರಲ್ಲಿ ತಣ್ಣಗಾಗಿ ಕುಳಿತ ಲೋಹದ ಮೇಲೆ ಅದೇ ಆವಿ ಹನಿಗಟ್ಟುತ್ತದೆ. ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ ನುಸುಳಿದ ಪಾಲು ಎಂಜಿನ್ನಿನ ತಳದ ಪೆಟ್ಟಿಗೆಯಾದ ಕ್ರ್ಯಾಂಕ್ ಕೇಸಿನ ಆಯಿಲ್ಲಿಗೆ ಸೇರುತ್ತದೆ. ಹಾಗೆ ಸೇರಿದ ನೀರು ಆರಿಹೋಗಬೇಕಾದರೆ ಆಯಿಲ್ ಚೆನ್ನಾಗಿ, ನೀರು ಕುದಿಯುವ ಬಿಸಿಯ ಹತ್ತಿರದವರೆಗೆ ಕಾಯಬೇಕು, ಮತ್ತು ಸ್ವಲ್ಪ ಹೊತ್ತು ಹಾಗೆಯೇ ಇರಬೇಕು. ರಸ್ತೆಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಓಡಿಸಿದರೆ ಆಗುವ ಕೆಲಸ ಅದು. ನಿಂತಲ್ಲೇ ಐದು ನಿಮಿಷ ಗುರುಗುಟ್ಟಿಸಿದರೆ ನೀರು ಹುಟ್ಟುವಷ್ಟು ಹೊತ್ತಾಗುತ್ತದೆಯೇ ಹೊರತು ಆರುವಷ್ಟು ಬಿಸಿಯಾಗುವುದಿಲ್ಲ. ನಾನು ಆ ಚಳಿಗಾಲದಲ್ಲಿ ಹತ್ತು ಸಲ ಹೀಗೆ ನೀರನ್ನು ಸೇರಿಸಿದ್ದೆ.

ಬ್ಯಾಟರಿಯ ಕತೆಯೂ ಇಂಥದೇ ಲೆಕ್ಕದ್ದು. ಚಳಿಗೆ ಗಟ್ಟಿಯಾದ ಆಯಿಲ್ಲಿನಲ್ಲಿ ಎಂಜಿನನ್ನು ತಿರುಗಿಸಲು ಸೆಲ್ಫ್ ಮೋಟಾರು ನೂರು ಆಂಪಿಯರಿನ ಆಸುಪಾಸು ಎಳೆಯುತ್ತದೆ. ನಿಂತಲ್ಲೇ ನಿಧಾನವಾಗಿ ಓಡುವ ಎಂಜಿನ್ ತಿರುಗಿ ಕೊಡುವುದು ಅಲ್ಪ, ಅದರಲ್ಲೂ ಹೆಡ್‌ಲೈಟಿನ ಪಾಲು ಮೊದಲೇ ಹೋಗಿರುತ್ತದೆ. ಪ್ರತಿ ಸಲವೂ ಸಾಲ ಹೆಚ್ಚಾಗುತ್ತ ಹೋಗಿ ಕೊನೆಗೆ ಬ್ಯಾಟರಿ ಕೈಚೆಲ್ಲಿತು. ಪೂರ್ತಿ ಚಾರ್ಜ್ ಇರುವ ಸೀಸದ ಬ್ಯಾಟರಿಯ ಆಮ್ಲ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದ ಬ್ಯಾಟರಿಯದ್ದು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ, ಡಬ್ಬಿಯನ್ನೇ ಉಬ್ಬಿಸಿ ಒಡೆಯುತ್ತದೆ. ಆ ಮೂರರಲ್ಲಿ ಒಂದರ ಪಕ್ಕೆ ಉಬ್ಬಿತ್ತು.

ಈ ಅಭ್ಯಾಸ ನನಗೆ ಬಂದದ್ದು ಮಲೆನಾಡಿನ ಸಾಗರ ಪೇಟೆಯಿಂದ. ಅಲ್ಲಿ ಆರು ವರ್ಷ ಒಂದು ಸಣ್ಣ ಗ್ಯಾರೇಜಿನಲ್ಲಿ ಕೆಲಸ ಕಲಿತೆ. ಮಳೆಗಾಲದಲ್ಲಿ ತೋಟದ ಮನೆಗಳವರು ಬೈಕನ್ನು ಕೊಟ್ಟಿಗೆಯ ಮೂಲೆಗೆ ನಿಲ್ಲಿಸಿಬಿಡುತ್ತಿದ್ದರು. ಆಗ ನಮ್ಮ ಮೇಸ್ತ್ರಿ ಬಂದವರಿಗೆಲ್ಲ ತಪ್ಪದೆ ಹೇಳುತ್ತಿದ್ದ ಮಾತು, "ವಾರಕ್ಕೆರಡು ಸಲ ಕಿಕ್ ಹೊಡಿ ಮಾರಾಯ, ಇಲ್ದಿದ್ರೆ ಎಂಜಿನ್ ಹಿಡ್ಕೊಂಡ್ಬಿಡುತ್ತೆ" ಎಂಬುದು. ಆ ಮಾತು ಸುಳ್ಳಾಗಿರಲಿಲ್ಲ. ನಮ್ಮಲ್ಲಿಗೆ ಬರುತ್ತಿದ್ದ ಹಳೆಯ ಬೈಕುಗಳಲ್ಲಿ ಹೆಚ್ಚಿನವು ಎರಡು ಸ್ಟ್ರೋಕಿನವು, ಮೈಸೂರಿನಲ್ಲಿ ತಯಾರಾಗಿದ್ದ ಯೆಜ್ಡಿ ಮತ್ತು ಯಮಾಹಾದ ಆರ್‌ಎಕ್ಸ್ 100. ಎರಡು ಸ್ಟ್ರೋಕಿನ ಎಂಜಿನ್ನಿನ ಕ್ರ್ಯಾಂಕ್ ಕೇಸಿನಲ್ಲಿ ಇಲ್ಲಿಯ ಬೈಕುಗಳಲ್ಲಿರುವಂತೆ ಆಯಿಲ್ ತುಂಬಿಟ್ಟಿರುವುದಿಲ್ಲ. ಪೆಟ್ರೋಲಿನ ಜೊತೆ ಬೆರೆತು ಬರುವ ಆಯಿಲ್ಲೇ ಕ್ರ್ಯಾಂಕಿನ ಬೇರಿಂಗುಗಳನ್ನು ತೋಯಿಸುತ್ತ ಹೋಗುತ್ತದೆ. ಹಾಗಾಗಿ ಒಂದು ಸಲ ಸ್ಟಾರ್ಟ್ ಮಾಡಿದರೆ ಬೇರಿಂಗಿಗೆ ಹೊಸ ಆಯಿಲ್ಲಿನ ಪದರ ಸಿಕ್ಕಂತೆ. ಕಿಕ್ ಹೊಡೆಯುವುದರಿಂದ ಬ್ಯಾಟರಿಯ ಮೇಲೆ ಹೇಳಿಕೊಳ್ಳುವಂಥ ಭಾರವೂ ಬೀಳುವುದಿಲ್ಲ. ಮೇಲಾಗಿ ಸಾಗರದ ಜಡಿಮಳೆಯಲ್ಲೂ ಗಾಳಿ ಇಪ್ಪತ್ತು ಡಿಗ್ರಿಗಿಂತ ಬಹಳ ಕೆಳಗಿಳಿಯುವುದಿಲ್ಲ, ಸ್ಟಾರ್ಟ್ ಮಾಡಿದವರು ಹೇಗೂ ಅಂಗಡಿಯವರೆಗಾದರೂ ಹೋಗಿ ಬರುತ್ತಿದ್ದರು. ಮೇಸ್ತ್ರಿಯ ಮಾತನ್ನು ನಾನು ಇಲ್ಲಿಗೆ ಹೊತ್ತು ತಂದೆ. ಆ ಮಾತಿಗಿದ್ದ ಕಾರಣವನ್ನು ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಫೋರ್‌ಮನ್ ನನ್ನ ಮೇಲೆ ಕೂಗಾಡಲಿಲ್ಲ. ಎಂಟೂ ಬೈಕುಗಳ ಮಾಲೀಕರಿಗೆ ನಡೆದದ್ದನ್ನು ಇದ್ದದ್ದು ಇದ್ದಂತೆ ತಿಳಿಸಿ, ಆಯಿಲ್ ಮತ್ತು ಬ್ಯಾಟರಿಯ ಖರ್ಚನ್ನು ಗ್ಯಾರೇಜಿನ ಲೆಕ್ಕಕ್ಕೆ ಬರೆಸಿದರು. ಮುಂದಿನ ಅಕ್ಟೋಬರಿನಲ್ಲಿ ಮಾತ್ರ, ಒಳಗೆ ಬರುವ ಪ್ರತಿಯೊಂದು ಬೈಕನ್ನೂ ಮಲಗಿಸುವ, ಅಂದರೆ ಚಳಿಗಾಲ ಕಳೆಯಲು ಸಿದ್ಧಪಡಿಸಿ ನಿಲ್ಲಿಸುವ, ಪೂರ್ತಿ ಕೆಲಸವನ್ನು ನನಗೇ ವಹಿಸಿದರು. ಅದು ಶಿಕ್ಷೆಯೋ ನಂಬಿಕೆಯೋ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮದಲ್ಲಿ ಹೆಚ್ಚಿನ ಕೆಲಸ ನಡೆಯುವುದು ಆ ವರ್ಷದ ಕೊನೆಯ ಸವಾರಿಯಲ್ಲೇ. ಮೊದಲು ಬೈಕನ್ನು ತೊಳೆಯುತ್ತೇನೆ, ಉಪ್ಪಿನ ಅಂಶ ಚೈನಿನಲ್ಲೂ ಅಲ್ಯೂಮಿನಿಯಂ ಭಾಗಗಳಲ್ಲೂ ಉಳಿಯಬಾರದು. ನಂತರ ಹದಿನೈದು ಕಿಲೋಮೀಟರ್ ದೂರದ ಪೆಟ್ರೋಲ್ ಬಂಕಿಗೆ ಓಡಿಸಿಕೊಂಡು ಹೋಗುತ್ತೇನೆ. ಸಂದಿಗೊಂದಿಗಳ ನೀರು ಆ ದಾರಿಯಲ್ಲೇ ಆರುತ್ತದೆ. ಬಂಕಿನಲ್ಲಿ ಮೊದಲು ಟ್ಯಾಂಕಿಗೆ, ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಸುರಿದು ಆಮೇಲೆ ಪೆಟ್ರೋಲ್ ತುಂಬಿಸಿದರೆ ಎರಡೂ ತಾವಾಗಿ ಬೆರೆಯುತ್ತವೆ, ವಾಪಸು ಬರುವಷ್ಟರಲ್ಲಿ ಆ ಮಿಶ್ರಣ ಇಂಜೆಕ್ಟರಿನವರೆಗೂ ತಲುಪಿರುತ್ತದೆ. ಗ್ಯಾರೇಜು ಸೇರಿದಾಗ ಎಂಜಿನ್ ಬಿಸಿಯಾಗಿರುವುದರಿಂದ ಹಳೆಯ ಆಯಿಲ್ ತನ್ನ ಕೊಳೆಯನ್ನೆಲ್ಲ ಹೊತ್ತುಕೊಂಡು ಸರಾಗವಾಗಿ ಇಳಿಯುತ್ತದೆ. ಆಯಿಲ್ ಬದಲಿಸುವುದನ್ನು ವಸಂತಕ್ಕೆ ಮುಂದೂಡುವವರಿದ್ದಾರೆ. ಬೇಸಿಗೆಯಿಡೀ ಓಡಿದ ಆಯಿಲ್ಲಿನಲ್ಲಿ ಆಮ್ಲ ಮತ್ತು ತೇವ ಸೇರಿಕೊಂಡಿರುತ್ತವೆ. ಅದರಲ್ಲಿ ಬೇರಿಂಗುಗಳನ್ನು ಐದು ತಿಂಗಳು ನೆನೆಹಾಕಿಡುವುದು ನನಗಂತೂ ಒಪ್ಪಿಗೆಯಿಲ್ಲ.

ಟ್ಯಾಂಕನ್ನು ಕಂಠದವರೆಗೆ ತುಂಬಿಸುವುದಕ್ಕೆ ಕಾರಣವಿದೆ. ಇಲ್ಲಿಯ ಪೆಟ್ರೋಲಿನಲ್ಲಿ ಸುಮಾರು ಶೇಕಡ 10 ಎಥನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ಟ್ಯಾಂಕಿನಲ್ಲಿ ಖಾಲಿ ಜಾಗ ಹೆಚ್ಚಿದ್ದಷ್ಟೂ ತೇವದ ಗಾಳಿ ಹೆಚ್ಚು, ಮೇಲಿನ ತಗಡಿಗೆ ತುಕ್ಕೂ ಹೆಚ್ಚು. ಹೀರಿದ ನೀರು ಒಂದು ಮಿತಿ ದಾಟಿದರೆ, ಅದೂ ಚಳಿ ಹೆಚ್ಚಾದಂತೆ ಆ ಮಿತಿ ಇಳಿಯುತ್ತ ಹೋಗುವುದರಿಂದ, ಎಥನಾಲ್ ನೀರಿನ ಜೊತೆಗೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಪೆಟ್ರೋಲ್ ಪಂಪು ಮೊದಲು ಎಳೆಯುವುದು ಆ ತಳದ್ದನ್ನೇ. ಕಾರ್ಬೊರೇಟರ್ ಇರುವ ಬೈಕುಗಳಲ್ಲಿ ಟ್ಯಾಂಕಿನ ಕಾಕ್ ಮುಚ್ಚಿ, ಕಾರ್ಬೊರೇಟರಿನ ತಳದ ಬಟ್ಟಲನ್ನು ಬರಿದು ಮಾಡುತ್ತೇನೆ. ಅಲ್ಲಿ ಉಳಿದ ಒಂದೆರಡು ಚಮಚ ಪೆಟ್ರೋಲ್ ಆವಿಯಾಗಿ, ಹಲಸಿನ ಮೇಣದಂಥ ಅಂಟು ಮಾತ್ರ ಉಳಿದು, ಕೂದಲೆಳೆಯಷ್ಟು ಸಣ್ಣ ತೂತಿರುವ ಜೆಟ್ಟನ್ನು ಮುಚ್ಚಿಬಿಡುತ್ತದೆ.

ಬ್ಯಾಟರಿಯನ್ನು ಬಿಚ್ಚಿ ಬೆಚ್ಚಗಿನ ಕೋಣೆಯ ಕಪಾಟಿನಲ್ಲಿಟ್ಟು, ತುಂಬಿದಾಗ ತಾನೇ ನಿಲ್ಲುವ ಚಾರ್ಜರಿಗೆ ಸರದಿಯಂತೆ ಹಚ್ಚುತ್ತೇವೆ. ಮೀಟರು 12.4 ವೋಲ್ಟಿಗಿಂತ ಕೆಳಗೆ ತೋರಿಸಲು ಬಿಡುವುದಿಲ್ಲ. ಲಿಥಿಯಂ ಬ್ಯಾಟರಿಗಳನ್ನು ಬೇರೆ ಕಪಾಟಿನಲ್ಲಿಡುತ್ತೇವೆ. ಅವುಗಳ ಚಾರ್ಜರೇ ಬೇರೆ, ಮತ್ತು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅವನ್ನು ಚಾರ್ಜ್ ಮಾಡಿದರೆ ಒಳಗಿನಿಂದ ಕೆಡುತ್ತವೆ.

ರೇಡಿಯೇಟರಿನ ವಿಷಯದಲ್ಲಿ ನಾನು ಎರಡನೆಯ ವರ್ಷ ಸ್ವಲ್ಪದರಲ್ಲೇ ಪಾರಾದೆ. ಒಬ್ಬ ಗ್ರಾಹಕರ ಬೈಕಿನ ಕೂಲಂಟ್ ಡಬ್ಬಿ ಗೆರೆಯವರೆಗೆ ತುಂಬಿಯೇ ಇತ್ತು, ಹಾಗಾಗಿ ಮುಂದಿನದಕ್ಕೆ ಹೋಗುವವನಿದ್ದೆ. ಆದರೂ ಒಂದು ಹನಿಯನ್ನು ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡಿದಾಗ, ಹೆಪ್ಪುಗಟ್ಟುವ ಬಿಂದು ಸರಿಯಾಗಿ ಸೊನ್ನೆ ಎಂದು ತೋರಿಸಿತು. ಒಳಗಿದ್ದದ್ದು ಬರಿಯ ನೀರು. ಆ ಬೈಕು ಬೇಸಿಗೆಯಲ್ಲಿ ರೇಸ್ ಟ್ರ್ಯಾಕಿಗೆ ಹೋಗುತ್ತಿತ್ತು. ಹೆಪ್ಪುಗಟ್ಟದಂತೆ ಕೂಲಂಟಿನಲ್ಲಿ ಬೆರೆಸುವ ಗ್ಲೈಕಾಲ್ ಚೆಲ್ಲಿದರೆ ಟ್ರ್ಯಾಕು ಜಾರುತ್ತದೆಂದು ಬಹಳಷ್ಟು ಕಡೆ ಅದನ್ನು ನಿಷೇಧಿಸಿರುವುದರಿಂದ ಮಾಲೀಕರು ನೀರು ತುಂಬಿಸಿದ್ದರು, ಅಕ್ಟೋಬರಿನ ಹೊತ್ತಿಗೆ ಅದನ್ನು ಮರೆತೂಬಿಟ್ಟಿದ್ದರು. ನೀರು ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗುತ್ತದೆ. ಎಂಜಿನ್ನಿನ ಎರಕದ ಗೋಡೆಗಳಿಗೆ ಆ ಹಿಗ್ಗುವಿಕೆಯನ್ನು ತಾಳುವ ಶಕ್ತಿಯಿಲ್ಲ. ಗ್ಲೈಕಾಲ್ ಮತ್ತು ನೀರು ಸಮಪಾಲು ಬೆರೆಸಿದರೆ ಮೈನಸ್ 37ರ ತನಕ ನಿಶ್ಚಿಂತೆ.

ಟೈರುಗಳ ಗಾಳಿ ಚಳಿಗೆ ಇಳಿಯುವುದರಿಂದ ಸ್ವಲ್ಪ ಹೆಚ್ಚೇ ತುಂಬಿಸಿ, ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸುತ್ತೇನೆ. ಹೊದಿಕೆ ಬಟ್ಟೆಯದಾಗಿರಬೇಕು, ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರುತ್ತದೆ. ಇನ್ನು ಸುಂಡಿಲಿಗಳ ಕಾಟ ಬೇರೆ. ಹೊರಗೆ ಹಿಮ ಬಿದ್ದೊಡನೆ ಅವು ಏರ್ ಫಿಲ್ಟರಿನ ಡಬ್ಬಿಯನ್ನು ಬಾಣಂತಿಕೋಣೆ ಮಾಡಿಕೊಳ್ಳುತ್ತವೆ. ಅದಕ್ಕಾಗಿ ಗಾಳಿಯ ಬಾಯಿಗೂ ಸೈಲೆನ್ಸರಿಗೂ ತಾಮ್ರದ ಜಾಲರಿಯ ಉಂಡೆ ತುರುಕುತ್ತೇನೆ, ಮತ್ತು ತುರುಕಿದ ಕೂಡಲೇ ಹ್ಯಾಂಡಲಿಗೆ ಕೆಂಪು ಚೀಟಿ ಕಟ್ಟುತ್ತೇನೆ. ಅದರಲ್ಲಿ ಏನೇನು ಬಿಚ್ಚಿದೆ, ಎಲ್ಲೆಲ್ಲಿ ಏನು ತುರುಕಿದೆ, ಯಾವ ದಿನ ಎಂಬುದೆಲ್ಲ ಇರುತ್ತದೆ. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ, ಸ್ಟಾರ್ಟ್ ಮಾಡಬಾರದು ಎಂದಿರುತ್ತದೆ. ಈ ವಾಕ್ಯ ಫೋರ್‌ಮನ್ ಸೇರಿಸಿದ್ದಲ್ಲ, ನಾನೇ ಸೇರಿಸಿದ್ದು. ಏಪ್ರಿಲಿನಲ್ಲಿ ಚೀಟಿಯ ಪ್ರತಿ ಸಾಲಿಗೂ ಗೆರೆ ಎಳೆದಾದ ಮೇಲೆಯೇ ಕೀಯನ್ನು ಮಾಲೀಕರ ಕೈಗೆ ಕೊಡುವುದು.

ಬೆಂಗಳೂರಿನ ಚಳಿಗೆ ಇಷ್ಟೆಲ್ಲ ಬೇಕಾಗಿಲ್ಲ, ಅಲ್ಲಿ ಏನೂ ಹೆಪ್ಪುಗಟ್ಟುವುದಿಲ್ಲ. ಆದರೆ ನಾಲ್ಕಾರು ತಿಂಗಳು ಊರು ಬಿಟ್ಟು ಹೋಗುವವರಿಗೆ ಬ್ಯಾಟರಿಯ ಮಾತು ಅಲ್ಲಿಯೂ ಅನ್ವಯಿಸುತ್ತದೆ, ಪೆಟ್ರೋಲಿನ ಮಾತು ಈಗ ಇನ್ನೂ ಹೆಚ್ಚು ಅನ್ವಯಿಸುತ್ತದೆ; ನಮ್ಮ ಬಂಕುಗಳಲ್ಲಿ ಈಗ ಬರುತ್ತಿರುವುದು ಶೇಕಡ 20ರ ವರೆಗೆ ಎಥನಾಲ್ ಬೆರೆತ ಪೆಟ್ರೋಲು.

ಸಾಗರದ ಮನೆಯಲ್ಲಿ ಅಪ್ಪನ ಯೆಜ್ಡಿ ಇನ್ನೂ ಇದೆ. ಕಳೆದ ಆಷಾಢದಲ್ಲಿ ತಮ್ಮ ಫೋನು ಮಾಡಿ, "ಅಣ್ಣಾ, ನೀನು ಎಲ್ಲರಿಗೂ ಸ್ಟಾರ್ಟ್ ಮಾಡಬೇಡಿ ಅಂತಿದ್ದೀಯಲ್ಲ, ಇದಕ್ಕೂ ಹಾಗೇನಾ?" ಎಂದು ಕೇಳಿದ. ಅದಕ್ಕೆ ವಾರಕ್ಕೆರಡು ಸಲ ಕಿಕ್ ಹೊಡಿ, ಮಳೆ ಬಿಟ್ಟಾಗ ಪೇಟೆಯವರೆಗೆ ಹೋಗಿ ಬಾ ಎಂದೆ.